ಕಾರವಾರದ ಹವೆಯಲ್ಲಿ ಉಪ್ಪಿನ ಕೋಣೆ: ನನ್ನ ಅನುಭವ

ಉಪ್ಪಿನ ಕೋಣೆ ಎಂದರೆ ಉಸಿರಾಟದ ತೊಂದರೆ ಇರುವವರು ಕೂತು, ಉಪ್ಪಿನ ಸೂಕ್ಷ್ಮ ಕಣ ತೇಲುವ ಗಾಳಿಯನ್ನು ಉಸಿರಾಡುವ ಕೋಣೆ. ಕರಾವಳಿಯಲ್ಲಿ ಅದನ್ನು ಮಾಡಲು ಹೊರಟವರು ಉಪ್ಪಿಗಿಂತ ಮೊದಲು ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ಕೊಳ್ಳಬೇಕು. ಗಾಳಿಯ ತೇವಾಂಶ ಶೇ 75 ದಾಟಿತೆಂದರೆ ಸೋಡಿಯಂ ಕ್ಲೋರೈಡ್ ನೀರು ಹೀರಿಕೊಂಡು ಕರಗುತ್ತದೆ. ಮಳೆಗಾಲದ ಕಾರವಾರದಲ್ಲಿ ಮನೆಯೊಳಗೇ ಶೇ 85ರ ಮೇಲಿರುವುದು ಮಾಮೂಲು. ಒಮ್ಮೆ ಕರಗಿದ ಸೂಕ್ಷ್ಮ ಕಣ ಮತ್ತೆ ಹರಳಾಗಬೇಕಾದರೆ ತೇವಾಂಶ ಶೇ 45ರ ಆಸುಪಾಸಿಗೆ ಇಳಿಯಬೇಕು. 65ಕ್ಕೆ ತಂದು ನಿಲ್ಲಿಸಿದರೆ ಆಗುವುದಿಲ್ಲ. ಎಷ್ಟೋ ಕೋಣೆಗಳು ಜೂನ್ ಹೊತ್ತಿಗೆ ಕೆಲಸ ನಿಲ್ಲಿಸುವುದು ಇದೇ ಕಾರಣಕ್ಕೆ.

ಉಸಿರಾಟದ ಫಿಸಿಯೋಥೆರಪಿ ನನ್ನ ಕೆಲಸ. ನಮ್ಮ ಕೋಣೆ 10 ಅಡಿಗೆ 10 ಅಡಿ, ಎತ್ತರ 9 ಅಡಿ. ಅಂದರೆ ಸುಮಾರು 25 ಘನ ಮೀಟರ್ ಗಾಳಿ. ಮಳೆ ಬಡಿಯುವುದು ಪಡುವಣದಿಂದ, ಚಿರೆಕಲ್ಲು ನೀರು ಕುಡಿಯುವ ಕಲ್ಲು. ಹಾಗಾಗಿ ಪಡುವಣಕ್ಕೆ ಹೊರಗೋಡೆ ಇಲ್ಲದ ಒಳಕೋಣೆಯನ್ನೇ ಆರಿಸಿದೆವು. ಒಳಗೆ ವಾಟರ್‌ಪ್ರೂಫ್ ಗಾರೆ, ಮೇಲೆ ಟೈಲ್ಸ್, ಬಾಗಿಲಿನ ಸುತ್ತ ರಬ್ಬರ್ ಪಟ್ಟಿ. ತಿರುಗಣಿ, ಸ್ಕ್ರೂ ಎಲ್ಲ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಸಾದಾ ಕಬ್ಬಿಣ ಇಲ್ಲಿನ ಹವೆಗೇ ತುಕ್ಕು ಹಿಡಿಯುತ್ತದೆ, ಉಪ್ಪಿನ ಧೂಳು ಸೇರಿದರೆ ಕೇಳುವುದೇ ಬೇಡ.

ಉಪ್ಪನ್ನು ಪುಡಿ ಮಾಡಿ ಗಾಳಿಗೆ ಬಿಡುವ ಯಂತ್ರಕ್ಕೆ ಹ್ಯಾಲೊಜನರೇಟರ್ ಎನ್ನುತ್ತಾರೆ. ಕಣ 1ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇದ್ದರೆ ಶ್ವಾಸಕೋಶದ ಸಣ್ಣ ನಾಳಗಳವರೆಗೆ ಇಳಿಯುತ್ತದೆ. 10 ಮೈಕ್ರಾನ್ ಮೀರಿದ್ದು ಮೂಗು ಗಂಟಲಲ್ಲೇ ನಿಲ್ಲುತ್ತದೆ. ಇದಕ್ಕೆ ಔಷಧ ದರ್ಜೆಯ ಸೋಡಿಯಂ ಕ್ಲೋರೈಡ್ ಮಾತ್ರ ಹಾಕಬೇಕು. ಪ್ಯಾಕೆಟ್ ಉಪ್ಪಿನಲ್ಲಿ ಅಯೋಡಿನ್ ಇರುತ್ತದೆ, ಗಟ್ಟಿಯಾಗದಿರಲು ಬೆರೆಸಿದ ಪುಡಿ ಇರುತ್ತದೆ. ಸಾಣಿಕಟ್ಟಾದ ಹರಳುಪ್ಪು ಮೀನುಸಾರಿಗೆ ಎಷ್ಟು ಚೆನ್ನವೋ ಈ ಯಂತ್ರಕ್ಕೆ ಅಷ್ಟೇ ಕೆಟ್ಟದ್ದು: ಸಮುದ್ರದ ಉಪ್ಪಿನಲ್ಲಿ ಉಳಿದ ಮೆಗ್ನೀಸಿಯಂ ಕ್ಲೋರೈಡ್ ಶೇ 33 ತೇವಕ್ಕೇ ನೀರು ಹೀರುತ್ತದೆ. ಭರಣಿಯಲ್ಲಿಟ್ಟ ಹರಳುಪ್ಪು ಮಳೆಗಾಲದಲ್ಲಿ ನೀರೊಡೆಯುವುದಕ್ಕೂ ಇದೇ ಮುಖ್ಯ ಕಾರಣ. ಹಾಕುವ ಮುಂಚೆ ಉಪ್ಪನ್ನು ಓವನ್ನಿನಲ್ಲಿ 110 ಡಿಗ್ರಿಗೆ ಎರಡು ತಾಸು ಒಣಗಿಸಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡುತ್ತೇವೆ.

ಏಸಿ ಮತ್ತು ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಹಾಕಿ ತೇವಾಂಶ 45ಕ್ಕೆ ಬಂದ ಮೇಲೆ ಏಸಿ ನಿಲ್ಲಿಸಿ ಯಂತ್ರ ಚಾಲೂ ಮಾಡುವುದು. ಏಸಿ ಓಡುತ್ತಲೇ ಇದ್ದರೆ ಅದರ ಜಾಳಿಗೆ ಉಪ್ಪನ್ನು ಹಿಡಿದುಬಿಡುತ್ತದೆ, ಕಾಯಿಲ್ ತಿಂದು ಹೋಗುತ್ತದೆ. ಒಳಗೆ ಕೂತವರ ಉಸಿರಿನಿಂದಲೇ ತೇವ ಏರುವುದರಿಂದ ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸುವುದಿಲ್ಲ. ಗೋಡೆಗೆ ಗುಲಾಬಿ ಉಪ್ಪಿನ ಇಟ್ಟಿಗೆ ಹಚ್ಚಲು ದುಡ್ಡು ಸುರಿಯಬೇಡಿ. ಅದರಿಂದ ಉಸಿರಾಡುವಷ್ಟು ಸಣ್ಣ ಕಣ ಏಳುವುದಿಲ್ಲ, ಮಳೆಗಾಲದಲ್ಲಿ ನೀರು ಮಾತ್ರ ಸೋರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಘನ ಮೀಟರಿಗೆ 3 ಮಿಲಿಗ್ರಾಂ ಉಪ್ಪು ತೇಲುತ್ತಿದೆ ಎಂದಿಟ್ಟುಕೊಳ್ಳಿ. ಸುಮ್ಮನೆ ಕೂತವರು ನಿಮಿಷಕ್ಕೆ ಹೆಚ್ಚೆಂದರೆ 8 ಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. 45 ನಿಮಿಷಕ್ಕೆ 360 ಲೀಟರ್. ಒಳಹೋದ ಉಪ್ಪು ಸುಮಾರು 1 ಮಿಲಿಗ್ರಾಂ. ಇತ್ತ ಶೇ 3ರ ಸಲೈನ್ (ಉಪ್ಪುನೀರು) 4 ಮಿಲಿಲೀಟರ್, ದ್ರವವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬುಲೈಸರ್‌ಗೆ ಹಾಕಿದರೆ ಅದರಲ್ಲಿ 120 ಮಿಲಿಗ್ರಾಂ ಉಪ್ಪಿದೆ. ಹತ್ತರಲ್ಲಿ ಒಂದು ಪಾಲು ಎದೆಗಿಳಿದರೂ 12 ಮಿಲಿಗ್ರಾಂ. ಕಫ ಸಡಿಲಿಸುವುದು ಉದ್ದೇಶವಾದರೆ ನಾನು ನೆಬುಲೈಸರ್ ಕಡೆಗೇ ವಾಲುತ್ತೇನೆ. ಉಪ್ಪು ನಾಳದ ಒಳಪದರಕ್ಕೆ ನೀರೆಳೆಯುತ್ತದೆ, ಅಂಟುಕಫ ತೆಳುವಾಗಿ ಮೇಲೆ ಬರುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಅಂಟುಕಫ ಕಟ್ಟುವ ಆನುವಂಶಿಕ ರೋಗ) ಇರುವವರಿಗೆ ಶೇ 7ರ ಉಪ್ಪುನೀರು ಉಪಯೋಗಕ್ಕೆ ಬರುವುದನ್ನು ತೋರಿಸಿದ ಆಸ್ಟ್ರೇಲಿಯಾದ ಅಧ್ಯಯನ ಪ್ರಕಟವಾದದ್ದು 2006ರಲ್ಲಿ.

ಕೋಣೆಯಲ್ಲಿ ಒಳಹೋಗುವ ಉಪ್ಪು ಇಷ್ಟೇ ಆದರೆ, ಉಸಿರಾಟದ ರೋಗಿಗಳನ್ನು ಕೂರಿಸುವ ಗಣಿ, ಗುಹೆಗಳ ಗುಣ ಏನು? ಪೋಲೆಂಡಿನ ವಿಯೆಲಿಚ್ಕಾ ಉಪ್ಪಿನ ಗಣಿಯಲ್ಲಿ ಫೆಲಿಕ್ಸ್ ಬೋಚ್ಕೋವ್ಸ್ಕಿ ಎಂಬ ವೈದ್ಯ 19ನೇ ಶತಮಾನದಲ್ಲೇ ರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ. ಈಗಲೂ ಅಲ್ಲಿ 135 ಮೀಟರ್ ಆಳದಲ್ಲಿ ಆರೋಗ್ಯಧಾಮವಿದೆ. ಜರ್ಮನಿಯ ಕ್ಲುಟರ್ಟ್ ಗುಹೆಯಲ್ಲಿ ಉಪ್ಪಿಲ್ಲ, ಅದು ಸುಣ್ಣಕಲ್ಲಿನದು. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಹೆದರಿ ಅಲ್ಲಿ ಅಡಗಿದ್ದ ದಮ್ಮಿನವರಿಗೆ ಉಸಿರು ಹಗುರಾಯಿತು ಎಂಬುದರಿಂದಲೇ ಗುಹಾಚಿಕಿತ್ಸೆ ಅಲ್ಲಿ ಬೇರೂರಿತು. ನನಗೆ ಇದು ಮುಖ್ಯವಾಗಿ ಕಾಣುತ್ತದೆ: ಪರಾಗವಿಲ್ಲ, ಧೂಳಿಲ್ಲ, ಹೊಗೆಯಿಲ್ಲ, ಉಷ್ಣತೆ ಏರುಪೇರಿಲ್ಲ. ಆದರೂ ದಮ್ಮಿಗೆ ಇದು ಗುಣ ಕೊಡುತ್ತದೆಂದು ಖಚಿತವಾಗಿ ಹೇಳುವಷ್ಟು ಗಟ್ಟಿ ಪುರಾವೆ ಸಿಕ್ಕಿಲ್ಲ. ಯಾಣದ್ದೂ ಸುಣ್ಣಕಲ್ಲೇ ಅಲ್ಲವೇ ಎಂದು ಶಿರಸಿ ಕಡೆಯವರು ಕೇಳುತ್ತಾರೆ. ಅಲ್ಲಿನ ಗುಹೆ ಮೇಲಕ್ಕೆ ಬಾಯ್ದೆರೆದದ್ದು, ಹೊರಗಿನ ಹವೆಯೇ ಒಳಗೂ. ಮೇಲಾಗಿ ಬಾವಲಿ ಹಿಕ್ಕೆ ಬಿದ್ದ ಯಾವ ಗುಹೆಯಲ್ಲೂ ಎದೆರೋಗದವರು ಕೂರಬಾರದು. ಆ ಹಿಕ್ಕೆಯಲ್ಲಿ ಬೆಳೆಯುವ ಹಿಸ್ಟೊಪ್ಲಾಸ್ಮಾ ಶಿಲೀಂಧ್ರ ನೇರ ಶ್ವಾಸಕೋಶಕ್ಕೇ ಹೋಗುತ್ತದೆ.

ಶೇ 3ರ ಸಲೈನ್ ಕೊಡುವುದು ವೈದ್ಯರು ಬರೆದುಕೊಟ್ಟರೆ ಮಾತ್ರ, ಮೊದಲ ಸಲ ನಮ್ಮ ಕಣ್ಣೆದುರೇ. ಉಪ್ಪು ತಾಗಿ ನಾಳ ಬಿಗಿಯುವ ಸಂಭವ ಇರುವುದರಿಂದ ಹದಿನೈದು ನಿಮಿಷ ಮುಂಚೆ ನಾಳ ಸಡಿಲಿಸುವ ಔಷಧ ಸಾಲ್ಬುಟಮಾಲ್. ಜೋರಾಗಿ ಊದಿದ ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರನ್ನು ಮೂರು ಸಲ ಊದಿಸಿ ಹೆಚ್ಚಿನದನ್ನು ಬರೆದುಕೊಳ್ಳುತ್ತೇವೆ, ಮುಗಿದ ಮೇಲೆ ಇನ್ನೊಮ್ಮೆ. 400 ಇದ್ದದ್ದು 320ಕ್ಕೆ ಇಳಿದರೆ, ಅಂದರೆ ಶೇ 20 ಬಿದ್ದರೆ, ಅವರಿಗೆ ಇದು ಒಗ್ಗುವುದಿಲ್ಲ. ಇಳಿಯದಿದ್ದರೆ ಕೂಡಲೇ ಕಫ ತೆಗೆಸುವ ಕೆಲಸ: ನಾಲ್ಕೈದು ನಿಧಾನದ ಆಳ ಉಸಿರು, ಆಮೇಲೆ ಕನ್ನಡಿಗೆ ಹಬೆ ಊದುವ ಹಾಗೆ ಬಾಯಿ ಅಗಲಿಸಿ ‘ಹಾ’ ಎಂದು ಎರಡು ಸಲ. ಇದನ್ನು ಬಿಟ್ಟರೆ ಸಡಿಲಾದ ಕಫ ಅಲ್ಲೇ ಉಳಿಯುತ್ತದೆ. ನೆಬುಲೈಸರ್‌ಗೆ ಸ್ಟೆರೈಲ್ ಸಲೈನ್ ಒಂದೇ. ಮನೆಯಲ್ಲಿ ಕಲಸಿದ ಉಪ್ಪುನೀರು ಬೇಡವೇ ಬೇಡ. ಮೂಗು ತೊಳೆಯಲಾದರೆ ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ತೂಕ ಮಾಡಿದ ನಾಲ್ಕೂವರೆ ಗ್ರಾಂ ಉಪ್ಪು ಸಾಕು.

ಎರಡು ವಾರ ಮೀರಿದ ಕೆಮ್ಮಿನವರಿಗೆ ಮೊದಲು ಕಫದ ಕ್ಷಯ ಪರೀಕ್ಷೆ. ಜ್ವರ, ಕಫದಲ್ಲಿ ರಕ್ತ, ಮಾತಾಡಲೂ ಆಗದ ಏದುಸಿರು ಇದ್ದವರನ್ನು ಕೋಣೆಗೆ ಬಿಡದೆ ಆಸ್ಪತ್ರೆಗೆ ಕಳಿಸುತ್ತೇವೆ. ದಿನನಿತ್ಯದ ಇನ್ಹೇಲರ್ ನಿಲ್ಲಿಸಿ ಉಪ್ಪಿನ ಕೋಣೆಗೆ ಬರುತ್ತೇನೆ ಎನ್ನುವವರನ್ನೂ ತೆಗೆದುಕೊಳ್ಳುವುದಿಲ್ಲ.

ಕೈಯಲ್ಲಿರುವ ದುಡ್ಡು ಒಂದೇ ಯಂತ್ರಕ್ಕಾಗುವಷ್ಟಿದ್ದರೆ ಮಲಗುವ ಕೋಣೆಗೆ ಡಿಹ್ಯೂಮಿಡಿಫೈಯರ್ ಕೊಳ್ಳಿ. ತೇವಾಂಶ ಶೇ 50ರ ಕೆಳಗಿದ್ದರೆ ಹಾಸಿಗೆಯ ಧೂಳುಹುಳ ಬದುಕುವುದು ಕಷ್ಟ, ಬೂಸ್ಟೂ ಹಬ್ಬುವುದಿಲ್ಲ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ, ಯಂತ್ರದ ತೊಟ್ಟಿಯ ನೀರನ್ನು ದಿನಾ ಬೆಳಿಗ್ಗೆ ಚೆಲ್ಲಿ, ವಾರಕ್ಕೊಮ್ಮೆ ತೊಟ್ಟಿ ತಿಕ್ಕಿ ತೊಳೆಯಿರಿ.