1873ರ ವಿಂಚೆಸ್ಟರ್ ಹುಡುಕಾಟ: ನನ್ನ ಅನುಭವ

ಹಳೇ ಲಿವರ್-ಆಕ್ಷನ್ ರೈಫಲ್ (ಟ್ರಿಗರ್ ಹತ್ರದ ಹಿಡಿ ಕೆಳಗೆಳೆದು ಮೇಲೆ ಒತ್ತಿದ್ರೆ ಮುಂದಿನ ಗುಂಡು ತಾನೇ ನಳಿಗೆಗೆ ಬರೋ ಕೋವಿ) ಕಲೆಕ್ಟ್ ಮಾಡ್ತೀನಿ ಅಂದ ತಕ್ಷಣ ಇಲ್ಲಿ ಅಮೆರಿಕದಲ್ಲಿರೋ ನಮ್ಮವ್ರು ಕೇಳೋ ಮೊದಲ ಪ್ರಶ್ನೆ, "ಅಲ್ಲ ಮಾರಾಯಾ, ವೀಸಾದಲ್ಲಿದ್ರೂ ಕೋವಿ ಇಟ್ಕೋಬಹುದಾ?" ಅಂತ. ಹಾಗಾಗಿ ಅದನ್ನೇ ಮೊದ್ಲು ಹೇಳ್ತೀನಿ. 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ 1898ರಲ್ಲಿ ಅಥವಾ ಅದಕ್ಕಿಂತ ಮುಂಚೆ ತಯಾರಾದದ್ದು ಆಂಟಿಕ್, ಫೆಡರಲ್ ಕಾನೂನಿನ ಕಣ್ಣಲ್ಲಿ ಅದು ಫೈರ್‌ಆರ್ಮ್ ಲೆಕ್ಕಕ್ಕೇ ಬರಲ್ಲ. ಎಚ್-1ಬಿ ಮೇಲಿರೋರು ಬಂದೂಕು ಇಟ್ಕೋಬಾರ್ದು ಅನ್ನೋ ನಿಯಮ (ಹಂಟಿಂಗ್ ಲೈಸೆನ್ಸ್ ಇರೋರಿಗೆ ವಿನಾಯಿತಿ ಇದೆ) ಇದಕ್ಕೆ ತಾಗಲ್ಲ. ಆದ್ರೆ ಹುಷಾರು, ಕೋವಿ ಆಂಟಿಕ್ ಆದ್ರೂ ಅಂಗಡೀಲಿ ಸಿಗೋ ಹೊಸ ತೋಟೆ (ಗುಂಡು, ಮದ್ದು ಸೇರಿದ ಕಾರ್ಟ್ರಿಜ್) ಆಂಟಿಕ್ ಅಲ್ಲ, ಅದಕ್ಕೆ ನಿಷೇಧ ಹಾಗೇ ಇರುತ್ತೆ. ಗ್ರೀನ್ ಕಾರ್ಡ್ ಬರೋವರೆಗೂ ನಾನು ಒಂದು ತೋಟೇನೂ ಮುಟ್ಟಿಲ್ಲ, ಬರೀ ಗೋಡೆ ಮೇಲೆ ನೋಡಿ ಖುಷಿಪಟ್ಟಿದ್ದೇ. ಜೊತೆಗೆ ಸ್ಟೇಟ್ ಸ್ಟೇಟಿಗೂ ಕಾನೂನು ಬೇರೆ, ವಕೀಲರನ್ನ ಒಂದ್ಸಲ ಕೇಳ್ಕೊಳ್ಳಿ.

ಹುಚ್ಚು ಹತ್ತಿದ್ದು ಸ್ಯಾನ್ ಹೋಸೆಯಲ್ಲಿ. ಅಲ್ಲಿ ವಿಂಚೆಸ್ಟರ್ ಮಿಸ್ಟರಿ ಹೌಸ್ ನೋಡದೇ ಇರೋ ಕನ್ನಡಿಗರು ಕಮ್ಮಿ, ಊರಿಂದ ಅಪ್ಪ-ಅಮ್ಮ ಬಂದಾಗೆಲ್ಲ ಕರ್ಕೊಂಡು ಹೋಗೋ ಜಾಗ ಅದು. ಎಲ್ಲರೂ ದೆವ್ವದ ಕತೆ ಕೇಳ್ಕೊಂಡು ಬರ್ತಾರೆ, ನಂಗೆ ಮಾತ್ರ ಆ ಮನೆ ಕಟ್ಟಿಸಿದ ಸಾರಾ ವಿಂಚೆಸ್ಟರ್ ಗಂಡನ ಅಪ್ಪ ಆಲಿವರ್ ವಿಂಚೆಸ್ಟರ್ ಮಾಡಿಸಿದ ಕೋವಿ ಮೇಲೇ ಕಣ್ಣು. ತೀರ್ಥಹಳ್ಳಿ ಕಡೆ ನಮ್ಮನೇಲಿ ಕೇಪಿನ ಕೋವಿ ಇತ್ತು, ಒಂದು ಈಡು ಹೊಡೆದ್ರೆ ಮತ್ತೆ ಮದ್ದು ಹಾಕಿ ಗಜದಲ್ಲಿ ಜಡೀಬೇಕು. ಅದನ್ನ ನೋಡಿ ಬೆಳೆದವ್ನಿಗೆ ಆಲಿವರ್ ಕಂಪನಿಯದ್ದೇ ಆದ 1860ರ ಹೆನ್ರಿ ರೈಫಲ್ಲು ಮ್ಯಾಗಜಿನ್‌ನಲ್ಲೇ 16 ತೋಟೆ ಇಟ್ಕೊಳ್ತಿತ್ತು ಅಂದ್ರೆ ನಂಬೋಕಾಗ್ಲಿಲ್ಲ.

ಹೆನ್ರಿ ನಮ್ಮಂಥೋರ ಕೈಗೆ ಸಿಗಲ್ಲ ಬಿಡಿ, ಮಾಡಿದ್ದೇ ಸುಮಾರು 14 ಸಾವಿರ, ಈಗ ಒಂದೊಂದಕ್ಕೂ ಹತ್ತಾರು ಸಾವಿರ ಡಾಲರ್. ಅದಾದ್ಮೇಲೆ ಬಂದ 1866ರದ್ದು ಹಿತ್ತಾಳೆ ಬಣ್ಣದ ಮೈ, ಅದಕ್ಕೇ 'ಯೆಲ್ಲೋ ಬಾಯ್' ಅಂತಾರೆ, ಅದೂ ದುಬಾರಿ. ನಾನು 1873ಕ್ಕೆ ಅಂಟ್ಕೊಂಡೆ, ಯಾಕಂದ್ರೆ 7 ಲಕ್ಷ 20 ಸಾವಿರದಷ್ಟು ಮಾಡಿದ್ದಾರೆ, ಸವೆದು ಕಂದು ಬಣ್ಣಕ್ಕೆ ತಿರುಗಿದ ಸಾಧಾರಣ ಪೀಸ್ ಆದ್ರೆ ಎರಡು ಮೂರು ಸಾವಿರ ಡಾಲರ್‌ಗೆ ಸಿಗುತ್ತೆ. ಮತ್ತೊಂದು ಕಾರಣ ಆ .44-40 ತೋಟೆ: 40 ಗ್ರೇನ್ (ಮದ್ದು-ಗುಂಡು ತೂಗೋ ಸಣ್ಣ ಅಳತೆ) ಕರಿಮದ್ದು, 200 ಗ್ರೇನ್ ಗುಂಡು. ಆಮೇಲೆ ಕೋಲ್ಟ್ ಕಂಪನಿ ಅದೇ ತೋಟೆಗೆ ರಿವಾಲ್ವರ್ ಮಾಡ್ತು, ಅಂದ್ರೆ ಸೊಂಟದಲ್ಲಿರೋದಕ್ಕೂ ಜೀನಿನ ಪಕ್ಕ ಇರೋದಕ್ಕೂ ಒಂದೇ ತೋಟೆ ಸಾಕು.

ಕೊಳ್ಳೋವಾಗ ನಾನು ಏನು ನೋಡ್ತೀನಿ ಅಂದ್ರೆ, ಮೊದಲು ಹೊಳಪು. ಜಾಸ್ತಿ ಹೊಳೀತಿದ್ರೆ ಅಲ್ಲೇ ಅನುಮಾನ. 140 ವರ್ಷ ಕುದುರೆ ಮೇಲೆ, ಕೊಟ್ಟಿಗೇಲಿ, ಮಳೇಲಿ ಇದ್ದದ್ದು ಮದುಮಗಳ ಥರ ಹೇಗಿರುತ್ತೆ? ಯಾರೋ ಉಜ್ಜಿ ಹೊಸದಾಗಿ ಬ್ಲೂಯಿಂಗ್ (ಉಕ್ಕಿಗೆ ಕೊಡೋ ಕಪ್ಪು-ನೀಲಿ ಮೆರುಗು) ಮಾಡಿಸಿರ್ತಾರೆ, ಬೆಲೆ ಅರ್ಧ ಹೋಯ್ತು ಅಂತಲೇ ಲೆಕ್ಕ. ಎಂಟು ಮೂಲೆ ನಳಿಗೆ ಆದ್ರೆ ಅಂಚು ಬೆರಳಿಗೆ ಚೂಪಾಗಿ ಸಿಗ್ಬೇಕು, ಅಕ್ಷರಗಳ ಅಂಚು ಕರಗಿರಬಾರ್ದು, ಸ್ಕ್ರೂ ತೂತಿನ ಸುತ್ತ ತಗ್ಗು ಬಿದ್ದಿರಬಾರ್ದು. ಮರ ಕಬ್ಬಿಣಕ್ಕೆ ಸೇರೋ ಕಡೆ ಮರ ಒಂದು ಕೂದಲೆಳೆಯಷ್ಟು ಎತ್ತರ ಇದ್ರೆ ಒಳ್ಳೇದು, ತಗ್ಗಿದ್ರೆ ಯಾರೋ ಮರಳುಕಾಗದ ಹಾಕಿ ತಿಕ್ಕಿದ್ದಾರೆ ಅಂತ ಅರ್ಥ. ಆಮೇಲೆ ನಳಿಗೆ ಅಳತೆ. ಬೋಲ್ಟ್ (ನಳಿಗೆಯ ಹಿಂತುದಿ ಮುಚ್ಚೋ ಭಾಗ) ಮುಚ್ಚಿ ನಳಿಗೆ ಬಾಯಿಂದ ಒಂದು ಮರದ ಕೋಲು ಇಳಿಬಿಟ್ಟು ಗುರುತು ಹಾಕಿ ಅಳೀತೀನಿ, ಸಾಮಾನ್ಯವಾಗಿ ರೈಫಲ್ 24 ಇಂಚು, ಕಾರ್ಬೈನ್ (ಕುದುರೆ ಸವಾರರಿಗೆ ಅನುಕೂಲದ ಗಿಡ್ಡ ಕೋವಿ) 20, ಮಸ್ಕೆಟ್ (ಸೈನ್ಯದ ಮಾದರಿಯ ಉದ್ದ ಕೋವಿ) 30. ಮಧ್ಯದ ಯಾವ್ದೋ ಅಳತೆ ಬಂದ್ರೆ ಕತ್ತರಿಸಿರೋ ಸಾಧ್ಯತೆ ಇರುತ್ತೆ. ಇದೆಲ್ಲದಕ್ಕೂ ಮುಂಚೆ ಕೋವಿ ಖಾಲಿ ಇದೆಯಾ ನೋಡೋದು, ಆ ಉದ್ದನೆ ಟ್ಯೂಬ್ ಮ್ಯಾಗಜಿನ್ ಒಳಗೆ ಹಳೇ ತೋಟೆ ಸಿಕ್ಕಾಕ್ಕೊಂಡಿದ್ರೆ ಹೊರಗಿಂದ ಗೊತ್ತೇ ಆಗಲ್ಲ.

ನಳಿಗೆ ಮೇಲೆ 1866, 1860 ಅಂತ ಇಸವಿ ಕೆತ್ತಿರುತ್ತೆ, ಹೊಸಬ್ರು ಅದನ್ನ ನೋಡಿ 1866ರ ಮಾಡೆಲ್ ಅಂದ್ಕೋತಾರೆ. ಅದು ಪೇಟೆಂಟ್ ತಾರೀಕು ಅಷ್ಟೇ. ನಿಜವಾದ ವಯಸ್ಸು ತಿಳಿಯೋದು ಲಿವರ್ ಹಿಂದೆ ಕೆಳಗಿನ ಪಟ್ಟಿ ಮೇಲಿರೋ ಸೀರಿಯಲ್ ನಂಬರಿಂದ. ವಯೋಮಿಂಗ್‌ನ ಕೋಡಿ ಅನ್ನೋ ಊರಲ್ಲಿ ಬಫಲೋ ಬಿಲ್ ಸೆಂಟರ್ ಇದೆ, ಅಲ್ಲಿನ ಫೈರ್‌ಆರ್ಮ್ಸ್ ಮ್ಯೂಸಿಯಂ ಹತ್ರ ವಿಂಚೆಸ್ಟರ್ ಫ್ಯಾಕ್ಟರಿ ಲೆಡ್ಜರ್‌ಗಳಿವೆ. ಫೀಸ್ ಕಟ್ಟಿದ್ರೆ ಆ ನಂಬರಿನ ಕೋವಿ ಯಾವ ಕ್ಯಾಲಿಬರು (ಗುಂಡಿನ ಅಳತೆ), ದುಂಡು ನಳಿಗೆನಾ ಎಂಟು ಮೂಲೆನಾ, ಗೋದಾಮಿಂದ ಯಾವಾಗ ಹೊರಬಿತ್ತು ಅಂತ ಪತ್ರ ಕೊಡ್ತಾರೆ (ಕೆಲವು ನಂಬರ್‌ಗಳ ದಾಖಲೆ ಇಲ್ಲ). ಪತ್ರಕ್ಕೂ ಕೈಯಲ್ಲಿರೋ ಕೋವಿಗೂ ತಾಳೆ ಆಗ್ಬೇಕು.

ನಂಗೆ ಪತ್ರದ ಮೇಲೆ ಇಷ್ಟು ನಂಬಿಕೆ ಯಾಕಂದ್ರೆ ಮಾರೋರ ಬಾಯಲ್ಲಿ ಪ್ರತಿ ಕೋವಿಗೂ ಒಂದು ಕತೆ ಇರುತ್ತೆ. ಇದು ದರೋಡೆಕೋರಂದು, ಇದು ಲಿಟಲ್ ಬಿಗ್‌ಹಾರ್ನ್ ಯುದ್ಧದ್ದು ಅಂತ. 1876ರ ಆ ಯುದ್ಧದಲ್ಲಿ ಅಮೆರಿಕ ಸೈನ್ಯದ ಅಧಿಕಾರಿ ಕಸ್ಟರ್‌ನ ಸೈನಿಕರ ಹತ್ರ ಒಂದೊಂದೇ ತೋಟೆ ಹಾಕೋ ಸ್ಪ್ರಿಂಗ್‌ಫೀಲ್ಡ್ ಕೋವಿ, ಎದುರಿದ್ದ ಮೂಲನಿವಾಸಿ ಲಕೋಟಾ ಮತ್ತು ಶಯೆನ್ ಯೋಧರ ಕಡೆ ಹೆನ್ರಿ, ವಿಂಚೆಸ್ಟರ್ ಇದ್ದಿದ್ದು ನಿಜ. 1983ರಲ್ಲಿ ಅಲ್ಲಿ ಹುಲ್ಲಿಗೆ ಬೆಂಕಿ ಬಿದ್ದಮೇಲೆ ಪುರಾತತ್ವದವ್ರು ಮೆಟಲ್ ಡಿಟೆಕ್ಟರ್ ಹಿಡಿದು ಖಾಲಿ ತೋಟೆಗಳನ್ನ ಹೆಕ್ಕಿದ್ರು, ಫೈರಿಂಗ್ ಪಿನ್ ಗುರುತು ಹಿಡಿದು ಕೋವಿ ಕೋವಿನೂ ಬೇರೆ ಮಾಡಿದ್ರು. ಅಂಥ ಸಾಕ್ಷಿ ಇದ್ರೆ ತೋರ್ಸಪ್ಪಾ, ದುಡ್ಡು ಕೊಡ್ತೀನಿ, ಇಲ್ಲಾಂದ್ರೆ ಕತೆಗೆ ಕಾಸಿಲ್ಲ. ನಂಗಿಷ್ಟವಾದದ್ದು ಕತೆಯೇ ಗೊತ್ತಿಲ್ಲದ ಒಂದು ಕೋವಿ: 2014ರಲ್ಲಿ ನೆವಾಡಾದ ಗ್ರೇಟ್ ಬೇಸಿನ್ ನ್ಯಾಷನಲ್ ಪಾರ್ಕಲ್ಲಿ ಜುನಿಪರ್ ಮರಕ್ಕೆ ಒರಗಿಸಿಟ್ಟಿದ್ದ 1873 ಮಾಡೆಲ್ ಸಿಕ್ತು, ಕೋಡಿಯ ದಾಖಲೆ ನೋಡಿದ್ರೆ 1882ರದ್ದು. ಯಾರಿಟ್ರು, ಯಾಕೆ ವಾಪಸ್ ಬರ್ಲಿಲ್ಲ, ಯಾರಿಗೂ ಗೊತ್ತಿಲ್ಲ.

ಈಗ ಆರೈಕೆ. ಪಾಲಿಶ್ ಮಾತ್ರ ಬೇಡ. ಸಡಿಲ ತುಕ್ಕು ಇದ್ರೆ ಎಣ್ಣೆ ಹಚ್ಚಿ ಮೆತ್ತನೆ ಬಟ್ಟೇಲಿ ಒರೆಸೋದು, ಮೇಲೆ ತೆಳುವಾಗಿ ರಿನೈಸಾನ್ಸ್ ವ್ಯಾಕ್ಸ್ (ಹಳೇ ವಸ್ತುಗಳ ರಕ್ಷಣೆಗೆ ಹಚ್ಚೋ ಮೇಣ), ಅಷ್ಟೇ. ನಾನು ಅಪರೂಪಕ್ಕೆ ಈಡು ಹೊಡೀತೀನಿ, ಅದೂ ಗನ್‌ಸ್ಮಿತ್ ಹತ್ರ ತೋರಿಸಿದ ಪೀಸಲ್ಲಿ, ಕರಿಮದ್ದಿನ ತೋಟೆ ಹಾಕಿ. 1873ರ ಒಳಗಿನ ಟಾಗಲ್ ಕೊಂಡಿಗಳು (ಬೋಲ್ಟನ್ನ ಹಿಡಿದಿಡೋ ಮಡಚುವ ಕೊಂಡಿಗಳು) ಜೋರು ಒತ್ತಡ ತಡೆಯಲ್ಲ, ಹೊಸ ಗನ್ನಿಗೆ ಅಂತ ಮಾಡಿದ ಖಾರದ ತೋಟೆ ಹಾಕ್ಲೇಬಾರ್ದು. ಹೊಡೆದ ದಿನವೇ ಬಿಸಿನೀರು ಸೋಪು ಹಾಕಿ ನಳಿಗೆ ತೊಳೆದು ಒಣಗಿಸಿ ಎಣ್ಣೆ ಬಿಡ್ಬೇಕು, ನಾಳೆ ಮಾಡಿದ್ರಾಯ್ತು ಅಂದ್ರೆ ಮಸಿ ಒಳಗೇ ತಿನ್ನುತ್ತೆ.

ಸದ್ಯ ಒಂದು ಸ್ಯಾಡಲ್ ರಿಂಗ್ (ಜೀನಿಗೆ ಕಟ್ಟೋಕೆ ಪಕ್ಕದಲ್ಲಿರೋ ಬಳೆ) ಇರೋ ಕಾರ್ಬೈನ್ ಹುಡುಕ್ತಾ ಇದ್ದೀನಿ. ರೈಫಲ್‌ಗಿಂತ ಕಾರ್ಬೈನ್‌ಗಳು ಜಾಸ್ತಿ ಏಟು ತಿಂದಿರ್ತವೆ, ಚೆನ್ನಾಗಿರೋದಕ್ಕೆ ವಿಪರೀತ ರೇಟು, ಒಕ್ಲಹೋಮಾದ ಟಲ್ಸಾ ಗನ್ ಶೋಗೆ ಹೋಗಿ ನೋಡ್ಬೇಕು ಅಂತಿದೀನಿ.