ಡಂಜನ್‌ಗೆ ಎಂತೆಲ್ಲ ಹೊತ್ಕೊಂಡು ಹೋಗೋದು, ಲೆಕ್ಕ ಇಡೋದು ಹೇಗೆ

ನಮ್ಮ ಉಡುಪಿ ಮಣಿಪಾಲ ಕಡೆ ಮಳೆಗಾಲದ ಭಾನುವಾರ ಕೂತು ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ಡಂಜನ್ ಅನ್ನೋ ನೆಲಮಾಳಿಗೆಗಳಿಗೆ ನುಗ್ಗೋ ಟೇಬಲ್ ಆಟ) ಆಡುವವರ ಪಾತ್ರದ ಶೀಟ್ ನೋಡಿದ್ರೆ ನಗು ಬರ್ತದೆ, ಹಗ್ಗ, ಏಣಿ, ಎಣ್ಣೆ, ಹತ್ತು ದಿನದ ಊಟ, ಎರಡು ಸಾವಿರ ಚಿನ್ನದ ನಾಣ್ಯ, ಇಷ್ಟೆಲ್ಲ ಹೊತ್ಕೊಂಡು ಮಾರಾಯ ಕೋಟೆ ಗೋಡೆ ಹತ್ತುತ್ತಾನೆ. ಕೇಳಿದ್ರೆ "ತೂಕ ಎಲ್ಲ ಯಾರು ನೋಡ್ತಾರೆ ಮಾರ್ರೆ" ಅಂತ. ನೋಡದಿದ್ರೆ ಟಾರ್ಚ್ (ಪಂಜು) ಎಷ್ಟು ತಗೊಳ್ಳೋದು, ಲೂಟಲ್ಲಿ ಯಾವ್ದು ಬಿಟ್ಟು ಬರೋದು ಅನ್ನೋ ಮಜಾನೇ ಇಲ್ಲ.

2014ರ ಐದನೇ ಎಡಿಷನ್‌ನ ಮಾಮೂಲಿ ರೂಲ್ ಅಂದ್ರೆ ಹೊರಬಹುದಾದ್ದು ಸ್ಟ್ರೆಂತ್ (ಪಾತ್ರದ ಬಲದ ಅಂಕ) ಇಂಟು 15 ಪೌಂಡ್. ಸ್ಟ್ರೆಂತ್ 16 ಇದ್ರೆ 240 ಪೌಂಡ್, ನೂರು ಕಿಲೋ ಮೇಲೆಯೇ ಆಯ್ತು, ಅಷ್ಟು ಯಾರೂ ತುಂಬ್ಸೋದಿಲ್ಲ, ಹಾಗಾಗಿ ಆ ರೂಲ್ ಇದ್ದೂ ಒಂದೇ ಇಲ್ಲದೆಯೂ ಒಂದೇ. ಅದರಲ್ಲೇ ಇರೋ ವೇರಿಯಂಟ್ ರೂಲ್ ಮಾತ್ರ ಸರಿಯಾಗಿ ಕಚ್ತದೆ, ಸ್ಟ್ರೆಂತಿನ 5 ಪಟ್ಟು ದಾಟಿದ ಕೂಡ್ಲೆ ಸ್ಪೀಡ್ 10 ಅಡಿ ಕಟ್. ಅದೇ ಸ್ಟ್ರೆಂತ್ 16ರ ಫೈಟರ್‌ಗೆ (ಕತ್ತಿ ಹಿಡಿದು ಕಾದಾಡೋ ಪಾತ್ರ) ಲಿಮಿಟ್ 80: ಚೈನ್ ಮೇಲ್ (ಕಬ್ಬಿಣದ ಬಳೆಗಳ ಕವಚ) 55, ಶೀಲ್ಡ್ 6, ಲಾಂಗ್‌ಸೋರ್ಡ್ 3, ಖಾಲಿ ಬ್ಯಾಗ್ 5, ಸೆಣಬಿನ ಹಗ್ಗ 10, ಅಲ್ಲಿಗೇ 79. ಇನ್ನು ನೀರು ತುಂಬಿದ ಚೀಲ 5 ಪೌಂಡ್ ಎತ್ಕೊಂಡ್ನಾ, ಹೋಯ್ತು. ಆದ್ರೆ ಐದು ಜನ ಮೊಬೈಲಲ್ಲಿ ಕ್ಯಾಲ್ಕುಲೇಟರ್ ತೆಗೆದು ಕೂತ್ರೆ ಆಟ ಅಲ್ಲಿಗೇ ನಿಲ್ತದೆ.

ಹಾಗಾಗಿ ಪೌಂಡ್ ಬಿಡಿ, ಸ್ಲಾಟ್ (ಸಾಮಾನು ಇಡೋ ಖಾನೆ) ಹಿಡೀರಿ. ಶ್ಯಾಡೋಡಾರ್ಕ್ ಅನ್ನೋ ಇದೇ ತರದ ಇನ್ನೊಂದು ಗೇಮಲ್ಲಿ ಹಾಗೇ ಉಂಟು, ಸ್ಟ್ರೆಂತ್ ಎಷ್ಟೋ ಅಷ್ಟು ಸ್ಲಾಟ್, ಕಮ್ಮಿ ಅಂದ್ರೂ 10, ಮೊದಲ 100 ನಾಣ್ಯ ಫ್ರೀ. ಬೇರೆ ಗೇಮ್ ಆಡ್ತಿದ್ರೂ ಇದನ್ನ ಎತ್ಕೊಂಡು ಬರ್ಲಿಕ್ಕೆ ತೊಂದ್ರೆ ಇಲ್ಲ.

ಮಕ್ಕಳ ಲೆಕ್ಕದ ಚೌಕದ ಪುಸ್ತಕದ ಒಂದು ಹಾಳೆ ಹರ್ದು ನಿಮ್ಮ ಸ್ಲಾಟಿನಷ್ಟು ಚೌಕ ಗೆರೆ ಹಾಕಿ, ಮೇಲೆ ಎರಡು ಕೈಯದ್ದು, ಮಧ್ಯ ಮೂರ್ನಾಲ್ಕು ಸೊಂಟದ್ದು, ಉಳಿದದ್ದು ಬ್ಯಾಗು. ಪೆನ್ಸಿಲಲ್ಲೇ ಬರೀರಿ, ಪೆನ್ನಲ್ಲಿ ಬರೆದ್ರೆ ಅಳಿಸ್ಲಿಕ್ಕೆ ಆಗೋದಿಲ್ಲ, ಮೇಲಿಂದ ನಮ್ಮ ಮಳೆಗಾಲದಲ್ಲಿ ಹಾಳೆ ಥಂಡಿ ಹಿಡಿದು ಶಾಯಿ ಹರಡ್ತದೆ. ದೊಡ್ಡ ಸಾಮಾನಿಗೆ ಎರಡು ಮೂರು ಚೌಕ ಸೇರಿಸಿ ಒಂದೇ ಡಬ್ಬ ಮಾಡಿ. ಟಾರ್ಚ್ ಒಂದು ಗಂಟೆ ಉರೀತದೆ, ಮುಗಿದ ಕೂಡ್ಲೆ ಅಡ್ಡ ಗೆರೆ.

ನನ್ನ ಪ್ರಕಾರ ಎಷ್ಟು ಉಂಟು ಅನ್ನೋದಕ್ಕಿಂತ ಎಲ್ಲಿ ಉಂಟು ಅನ್ನೋದೇ ಮುಖ್ಯ. ಸೊಂಟದ ಪೋಶನ್ (ಮಾಯದ ಮದ್ದು) ತಕ್ಷಣ ಕೈಗೆ ಬರ್ತದೆ, ಬ್ಯಾಗಿನ ತಳದ್ದು ಬೇಕಾದ್ರೆ ಪೂರ್ತಿ ಒಂದು ಟರ್ನ್ ಹೋಗ್ಲಿ, ರಶ್ ಇರೋ ಸರ್ವಿಸ್ ಬಸ್ಸಲ್ಲಿ ಹಿಂದಿನ ಸೀಟಿನಡಿ ಇಟ್ಟ ಚೀಲ ಎಳ್ದ ಹಾಗೆ. ಇದು ನಮ್ಮದೇ ಮನೆರೂಲ್, ಆದ್ರೆ ಒಮ್ಮೆ ಹಾಕಿ ನೋಡಿ, ಪೇಟೆ ಬಿಡುವಾಗ್ಲೇ ಎಲ್ಲರೂ ಯೋಚನೆ ಮಾಡಿ ತುಂಬ್ಸ್ತಾರೆ.

ಚೆಕ್ ಮಾಡೋದು ಊರು ಬಿಡುವಾಗ ಮತ್ತೆ ಲೂಟ್ ಹಂಚುವಾಗ, ಅಷ್ಟೇ. ಡಿಎಂಗೆ (ಆಟ ನಡೆಸುವವರಿಗೆ) ಆ ಕೆಲಸ ಕೊಡ್ಬೇಡಿ, ಪಾಪ ಅವ್ರಿಗೆ ಇರೋದೇ ಸಾಕು, ಪಕ್ಕದಲ್ಲಿ ಕೂತವನ ಹಾಳೆ ನೀವು ನೋಡಿ, ನಿಮ್ಮದು ಅವ ನೋಡ್ಲಿ.

ಬ್ಯಾಗ್ ಆಫ್ ಹೋಲ್ಡಿಂಗ್ (ಡಿ ಆಂಡ್ ಡಿಯ ಮಾಯಾ ಚೀಲ) ಸಿಕ್ಕಿದ್ರೆ ಅದಕ್ಕೊಂದು ಬೇರೆ ಹಾಳೆ. ಒಳಗೆ 500 ಪೌಂಡ್ ಹಿಡೀತದೆ, ತೂಕ ಮಾತ್ರ 2014ರ ರೂಲಲ್ಲಿ ಯಾವಾಗ್ಲೂ 15, ಹಾಗಂತ ಎಲ್ಲ ಅದಕ್ಕೇ ತುರುಕಿದ್ರೆ ಒಂದಿನ ಅದು ಹರಿದು ಸಾಮಾನೆಲ್ಲ ಆಸ್ಟ್ರಲ್ ಪ್ಲೇನ್ ಅನ್ನೋ ಬೇರೆಯೇ ಲೋಕಕ್ಕೆ ಹೋಗ್ತದೆ, ಆಗ ಡಿಎಂ ಹತ್ರ ಜಗಳ ಮಾಡ್ಲಿಕ್ಕಾದ್ರೂ ಪಟ್ಟಿ ಬೇಕಲ್ಲ.