ವಿನೋಬನಗರದ ಫುರ್ನ್

ಲೆಬನಾನಿನಲ್ಲಿ ಬಡಾವಣೆಯ ರೊಟ್ಟಿ ಒಲೆಗೂ ಆ ಒಲೆಯಿರುವ ಅಂಗಡಿಗೂ ಫುರ್ನ್ ಎಂದೇ ಹೆಸರು. ಈ ಪದವನ್ನು ನಾನು ಮೊದಲು ಕೇಳಿದ್ದು ಶಾರ್ಜಾದಲ್ಲಿ, ಲೆಬನಾನಿನವರೊಬ್ಬರು ನಡೆಸುತ್ತಿದ್ದ ಬೇಕರಿಯಲ್ಲಿ ಹಿಟ್ಟು ತೂಗುವ ಕೆಲಸಕ್ಕೆ ಸೇರಿದಾಗ. ಆರು ವರ್ಷ ಅಲ್ಲಿದ್ದು, ಮರಳಿ ಬಂದು, ಶಿವಮೊಗ್ಗದ ವಿನೋಬನಗರದಲ್ಲಿ ಆರು ಸ್ಟೂಲುಗಳ ಒಂದು ಬೇಕರಿ ಕೆಫೆ ತೆರೆದೆ. ರೊಟ್ಟಿ ಸುಡುವ ಕೆಲಸ ಅಲ್ಲಿಯೇ ಕೈಗೆ ಹತ್ತಿತ್ತು. ಒಲೆಯ ಮುಂದೆ ಸಾಲುಗಟ್ಟಿ ನಿಂತವರನ್ನು ನೋಡಿಕೊಳ್ಳುವುದನ್ನು ಮಾತ್ರ ಇಲ್ಲಿ, ಬಹುಪಾಲು ಅವರಿಂದಲೇ ಬೈಸಿಕೊಂಡು, ಕಲಿಯಬೇಕಾಯಿತು.

ನಮ್ಮಲ್ಲಿ ಹೆಚ್ಚು ಖರ್ಚಾಗುವುದು ಮನಾಕೀಶ್. ಹುದುಗಿದ ಮೈದಾ ಹಿಟ್ಟನ್ನು ತಟ್ಟೆಯಗಲಕ್ಕೆ ತಟ್ಟಿ, ಬೆರಳ ತುದಿಯಿಂದ ಅಲ್ಲಲ್ಲಿ ಒತ್ತಿ, ಆಲಿವ್ ಎಣ್ಣೆಯಲ್ಲಿ ಕಲಸಿದ ಜಾತರ್ ಸವರಿ ಬಿಸಿ ಕಲ್ಲಿನ ಮೇಲೆ ಸುಡುತ್ತೇವೆ. ಅರಬ್ಬಿಯಲ್ಲಿ ಆ ಹೆಸರು ಕೆತ್ತು, ಅಚ್ಚೊತ್ತು ಎಂಬರ್ಥದ ಧಾತುವಿನಿಂದ ಬಂದದ್ದು. ಬೆರಳಿನ ಗುಳಿಗಳು ಎಣ್ಣೆ ಹೊರಗೆ ಹರಿಯದಂತೆ ಹಿಡಿದಿಡುತ್ತವೆ. 2023ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಆ ಸುದ್ದಿಯನ್ನು ಅಭಿಮಾನದಿಂದ ಗೋಡೆಗೆ ಅಂಟಿಸಿದೆ. ಅದರ ಕೆಳಗೇ ನಿಂತು ಜನ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದಕ್ಕೆ ಮೊಟ್ಟೆ ಹಾಕ್ತೀರಾ?"

ಜಾತರ್ ಎಂದರೇನೆಂದು ವಿವರಿಸಲು ಮೊದಲ ತಿಂಗಳು ನಾನು ಪಟ್ಟ ಪಾಡನ್ನು ಒಬ್ಬ ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು. ತುಂಡೊಂದನ್ನು ಮೂಸಿ, "ದೊಡ್ಡಪತ್ರೆ ಪರಿಮಳ ಅಲ್ವೇನಪ್ಪಾ ಇದು?" ಎಂದರು. ಅವರ ಮೂಗು ಸುಳ್ಳು ಹೇಳಿರಲಿಲ್ಲ. ಜಾತರ್‌ನಲ್ಲಿರುವ ಆ ಬೆಟ್ಟದ ಸೊಪ್ಪಿಗೂ ನಮ್ಮ ಹಿತ್ತಲಿನ ದೊಡ್ಡಪತ್ರೆಗೂ ಕಾರ್ವಕ್ರಾಲ್, ಥೈಮಾಲ್ ಎಂಬ ಒಂದೇ ಜಾತಿಯ ತೈಲಾಂಶಗಳು ಘಾಟು ಕೊಡುತ್ತವೆ. ಅಂದಿನಿಂದ ನಾನು ಥೈಮ್, ಸುಮಾಕ್ ಎಂದು ಉಪನ್ಯಾಸ ಕೊಡುವುದನ್ನು ಬಿಟ್ಟು, "ದೊಡ್ಡಪತ್ರೆಯಂಥ ಸೊಪ್ಪು, ಹುಳಿಗೆ ಒಂದು ಒಣಹಣ್ಣಿನ ಪುಡಿ, ಹುರಿದ ಎಳ್ಳು, ಉಪ್ಪು" ಎನ್ನುತ್ತೇನೆ. ತಂಬುಳಿ ತಿಂದು ಬೆಳೆದವರಿಗೆ ಅಷ್ಟು ಸಾಕು.

ಗಿರಾಕಿಗಳು ಸಿಟ್ಟಾಗುತ್ತಿದ್ದದ್ದು ರುಚಿಗಲ್ಲ, ಕಾಯುವುದಕ್ಕೆ. ನನ್ನ ಒಲೆಯ ಒಂದು ಅಂತಸ್ತಿನಲ್ಲಿ ಒಮ್ಮೆಗೆ ಆರು ಮನಾಕೀಶ್ ಹಿಡಿಯುತ್ತವೆ. 300 ಡಿಗ್ರಿಯ ಕಲ್ಲಿನ ಮೇಲೆ ಬೇಯಲು ನಾಲ್ಕು ನಿಮಿಷ, ಹಾಕಿ ತೆಗೆಯಲು ಇನ್ನೊಂದು ನಿಮಿಷ. ಸಂಜೆ ಮಳೆ ಹಿಡಿದಾಗ ಇಪ್ಪತ್ತು ಜನ ಒಟ್ಟಿಗೆ ಒಳಗೆ ನುಗ್ಗಿ ತಲಾ ಎರಡು ಕೇಳಿದರೆ ಕೊನೆಯವರ ಸರದಿ ಬರುವಷ್ಟರಲ್ಲಿ ಅರ್ಧ ಗಂಟೆ ದಾಟಿರುತ್ತದೆ. ಈ ಲೆಕ್ಕವನ್ನು ಅವರಿಗೆ ಹೇಳುವ ಬದಲು ನಾನು "ಈಗ ಆಯ್ತು, ಎರಡೇ ನಿಮಿಷ" ಎನ್ನುತ್ತಿದ್ದೆ. ಅದು ಸಾಲದೆಂದು, ಮಧ್ಯಾಹ್ನವೇ ಐವತ್ತು ಸುಟ್ಟಿಟ್ಟುಕೊಂಡು ಸಂಜೆ ಬಿಸಿ ಮಾಡಿಕೊಡುವ ಉಪಾಯವನ್ನೂ ಹೂಡಿದೆ. ನಿವೃತ್ತ ಮೇಷ್ಟ್ರೊಬ್ಬರು ಚೀಸ್ ಹಾಕಿದ್ದೊಂದನ್ನು ಹರಿಯಲು ಹೋಗಿ, ಅದು ಚಕ್ಕಳದಂತೆ ಎಳೆದಾಗ, "ನಿನ್ನೇದಾ?" ಎಂದು ಮೆಲ್ಲಗೆ ಕೇಳಿದರು. ಮೂರು ಗಂಟೆಯ ಹಿಂದಿನದು ಎಂದು ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಹಣ ವಾಪಸು ಕೊಟ್ಟೆ. ಅವರು ಮತ್ತೆ ಬರಲು ಎರಡು ತಿಂಗಳು ಹಿಡಿಯಿತು.

ಈಗ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ "ಈಗ ಹೇಳಿದರೆ 25 ನಿಮಿಷ" ಎಂದು ಬರೆದು, ಹತ್ತು ನಿಮಿಷಕ್ಕೊಮ್ಮೆ ತಿದ್ದುತ್ತೇವೆ. ಅದನ್ನು ಓದಿ ಕೆಲವರು ಹೊರಟುಹೋಗುತ್ತಾರೆ, ಹೋಗಲಿ. ನಿಂತವರ ಕೈಗೆ ಪ್ರತಿ ಹತ್ತನೆಯ ಮನಾಕೀಶನ್ನು ತುಂಡು ಮಾಡಿ ಹಂಚುತ್ತೇವೆ. ಟೋಕನ್ ಕೂಡ ಇಟ್ಟು ನೋಡಿದೆ. ಹಳೆಯ ಗಿರಾಕಿಗಳಿಗೆ ಅದು ಆಸ್ಪತ್ರೆಯಂತೆ ಕಂಡಿತು. "ನನ್ನ ಹೆಸರು ಮರೆತು ಹೋಯ್ತಾ?" ಎಂದು ಒಬ್ಬರು ಕೇಳಿದ ಮೇಲೆ ಚೀಟಿಯಲ್ಲಿ ಸಂಖ್ಯೆಯ ಬದಲು ಹೆಸರು ಬರೆದುಕೊಳ್ಳುತ್ತೇನೆ. ಒಂದೇ ಸಂಜೆ ನಾಲ್ವರು ಮಂಜುನಾಥರು ಬಂದಾಗ ಮಾತ್ರ ಕಷ್ಟ.

ಸಸ್ಯಾಹಾರದ ವಿಚಾರದಲ್ಲಿ ನಾನು ಶಾರ್ಜಾದ ಪಾಠವನ್ನು ಪೂರ್ತಿ ಬದಿಗಿಡಬೇಕಾಯಿತು. ಅಲ್ಲಿ ಕೈಮಾ ಹಚ್ಚಿದ ಲಹಮ್ ಬಿ ಅಜೀನೂ ಜಾತರ್ ಮನಾಕೀಶೂ ಒಂದೇ ಕಲ್ಲಿನ ಮೇಲೆ ಬೇಯುತ್ತಿದ್ದವು. ಇಲ್ಲಿ ಮಾಂಸವನ್ನೇ ಕೈಬಿಡು ಎಂದು ಸ್ನೇಹಿತರು ಹೇಳಿದರು. ಆದರೆ ಅದನ್ನೇ ತಿನ್ನಲು ಬರುವವರೂ ಇದೇ ಬಡಾವಣೆಯವರು. ಅವರನ್ನು ಇನ್ನೊಂದು ಅಂಗಡಿಗೆ ಅಟ್ಟುವುದು ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಒಲೆಯ ಮೇಲಿನ ಅಂತಸ್ತನ್ನು ಸಸ್ಯಾಹಾರಕ್ಕೆ, ಕೆಳಗಿನದನ್ನು ಮಾಂಸಕ್ಕೆ ಮೀಸಲಿಟ್ಟು, ರೊಟ್ಟಿ ತೆಗೆಯುವ ಉದ್ದ ಹಿಡಿಯ ಹಲಗೆ, ಕತ್ತರಿಸುವ ಚಾಕು, ಒರೆಸುವ ಬಟ್ಟೆ ಎಲ್ಲವನ್ನೂ ಎರಡೆರಡು ಮಾಡಿದೆ. ಒಲೆಯನ್ನು ಹಿಂದಿನ ಕೋಣೆಯಿಂದ ತೆಗೆದು ಕೌಂಟರಿನ ಪಕ್ಕಕ್ಕೇ ತಂದದ್ದು ಇದಕ್ಕಿಂತ ಹೆಚ್ಚು ಕೆಲಸ ಮಾಡಿತು. ಬೋರ್ಡನ್ನು ನಂಬದವರು ಕಣ್ಣನ್ನು ನಂಬುತ್ತಾರೆ. ಆದರೂ ಕೆಲವರು ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ, ಅದು ಅವರ ಹಕ್ಕು.

ರಂಜಾನಿನಲ್ಲಿ ಲೆಕ್ಕ ಬೇರೆ. ಒಳಗೆ ಪೊಳ್ಳಾಗಿ ಉಬ್ಬುವ ಪೀಟಾ ರೊಟ್ಟಿ ಉಪವಾಸ ಬಿಡುವ ಹೊತ್ತಿಗೆ ಮನೆ ತಲುಪಿರಲೇಬೇಕು, ಐದು ನಿಮಿಷ ತಡವಾದರೂ ಅದು ವ್ಯರ್ಥ. ಆ ತಿಂಗಳು ಐದೂವರೆಯ ಮೇಲೆ ಬೇರೆ ಯಾವ ಆರ್ಡರನ್ನೂ ತೆಗೆದುಕೊಳ್ಳುವುದಿಲ್ಲ. ಇದಕ್ಕೆ ಗಿರಾಕಿಗಳಾರೂ ಈವರೆಗೆ ತಕರಾರು ಮಾಡಿಲ್ಲ.

ಮಳೆಗಾಲದಲ್ಲಿ ಹಿಟ್ಟೂ ಗಿರಾಕಿಯಷ್ಟೇ ಮೊಂಡಾಗುತ್ತದೆ. ಬೇಸಿಗೆಯಲ್ಲಿ ಒಂದು ಕಿಲೊ ಮೈದಾಕ್ಕೆ 600 ಮಿಲಿಲೀಟರ್ ನೀರು ಹಾಕುವ ನಾನು ಜುಲೈಯಲ್ಲಿ 570ಕ್ಕೆ ಇಳಿಯುತ್ತೇನೆ, ಏಕೆಂದರೆ ಚೀಲದಲ್ಲಿರುವಾಗಲೇ ಮೈದಾ ಗಾಳಿಯ ತೇವವನ್ನು ಕುಡಿದಿರುತ್ತದೆ. ಇದು ತಿಳಿಯದ ಮೊದಲ ಮಳೆಗಾಲದಲ್ಲಿ ಪೀಟಾ ಉಬ್ಬದೆ, ಹೊಟ್ಟೆ ಬಿಡಿಸಲು ಹೋದವರ ಕೈಯಲ್ಲಿ ಹರಿದು ಬರುತ್ತಿತ್ತು.

ಚಟ್ನಿಪುಡಿಯ ಸಂಗತಿ ಆ ಮಳೆಗಾಲದ ಕೊನೆಯದು. ಲೆಬನಾನಿನ ಊರುಗಳಲ್ಲಿ ಮನೆಯವರೇ ತಮ್ಮ ಜಾತರ್ ಕಲಸಿ ಬಟ್ಟಲಲ್ಲಿ ಫುರ್ನ್‌ಗೆ ತರುತ್ತಾರೆ, ಒಲೆಯವನು ತನ್ನ ಹಿಟ್ಟಿನ ಮೇಲೆ ಅದನ್ನು ಸವರಿ ಸುಟ್ಟುಕೊಟ್ಟು ಕೂಲಿ ಪಡೆಯುತ್ತಾನೆ ಎಂದು ಶಾರ್ಜಾದ ಬೇಕರಿಯ ಯಜಮಾನರು ಹೇಳುತ್ತಿದ್ದರು. ನಾನದನ್ನು ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ಎದುರು ಬೀದಿಯ ಶಾರದಕ್ಕ ಸ್ಟೀಲ್ ಡಬ್ಬಿಯೊಂದನ್ನು ಕೌಂಟರಿನ ಮೇಲಿಟ್ಟು, "ನಿಮ್ಮ ಪುಡಿ ನಮ್ಮನೆಯವರಿಗೆ ಒಗ್ಗಲ್ಲ ಕಣೋ, ಇದನ್ನ ಹಚ್ಚಿ ಸುಟ್ಟುಕೊಡು" ಎಂದರು. ಅದು ಅವರ ಮನೆಯ ಕೊಬ್ಬರಿ ಚಟ್ನಿಪುಡಿ. ಗಿರಣಿಗೆ ಅಕ್ಕಿ ಒಯ್ದಷ್ಟು ಸಹಜವಾಗಿ ತಂದಿದ್ದರು. ಆಲಿವ್ ಎಣ್ಣೆ ಅದಕ್ಕೆ ಹೊಂದದೆಂದು ತೆಂಗಿನೆಣ್ಣೆಯಲ್ಲಿ ಕಲಸಿದೆ. ಕೊಬ್ಬರಿ ಬೇಗ ಸೀಯುವುದರಿಂದ ಮೊದಲ ಎರಡು ಕಪ್ಪಾದವು. ಮೂರನೆಯದಕ್ಕೆ ರೊಟ್ಟಿಯನ್ನು ಅರ್ಧ ಬೇಯಿಸಿ ಆಮೇಲೆ ಪುಡಿ ಹಚ್ಚಿದೆ, ಸರಿಹೋಯಿತು.

ಈಗ ಕೌಂಟರಿನ ಹಿಂದಿನ ಹಲಗೆಯಲ್ಲಿ ಹನ್ನೊಂದು ಮನೆಗಳ ಡಬ್ಬಿಗಳಿವೆ. ಒಂದರಲ್ಲಿ ಗುರೆಳ್ಳು ಪುಡಿ, ಮತ್ತೊಂದರಲ್ಲಿ ಕುವೈತಿನಿಂದ ಮಗ ಕಳಿಸಿದ ಅಸಲಿ ಜಾತರ್. ಹಿಟ್ಟಿಗೂ ಬೆಂಕಿಗೂ ಸೇರಿ ಮೂವತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ. ಶಾರದಕ್ಕ ಮಾತ್ರ ಅಂಚು ಹೆಚ್ಚು ಕೆಂಪಾಯಿತೆಂದು ಇವತ್ತಿಗೂ ದೂರುತ್ತಾರೆ, ಅವರದನ್ನು ಅರ್ಧ ನಿಮಿಷ ಮೊದಲೇ ತೆಗೆಯುತ್ತೇನೆ.